ಅಳತೆಯ ಬಂಡೆ

“ಗುರುಗಳೇ, ಬೆಲೆಯಿಲ್ಲದೆ ಸಿಗುವ ವಸ್ತುವನ್ನು ನಂಬಿ ನಾನೂರು ಜನರ ಅನ್ನವನ್ನು ಅದರ ಮೇಲೆ ಇಡಬಹುದೇ?”

ಕೇಳಿದವನು ಮುರಿಗೆಪ್ಪ. ಚಿಕ್ಕಂದಿನಲ್ಲಿ ಗುರುಗಳ ಈ ಮಠದಲ್ಲಿದ್ದು ಓದಿದವನು. ಈಗ ಒಂದು ಲಾರಿ ಸಾಗಣೆ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹಿರಿಯ ಅಧಿಕಾರಿ. ಯಾವ ಲಾರಿ ಯಾವ ಊರಿನಲ್ಲಿದೆ, ಯಾರ ಸರಕು ಯಾರಿಗೆ ಮುಟ್ಟಬೇಕು ಎಂಬುದೆಲ್ಲ ಅಲ್ಲಿ ಒಂದು ದೊಡ್ಡ ಕಂಪ್ಯೂಟರಿನ ಕೈಯಲ್ಲಿದೆ. ಅದು ಒಂದು ದಿನ ನಿಂತರೆ ಲಾರಿಗಳೆಲ್ಲ ನಿಲ್ಲುತ್ತವೆ. ಲಾರಿ ನಿಂತರೆ ನಾನೂರು ಮನೆಗಳ ಒಲೆಗೆ ತೊಂದರೆ.

ಗುರುಗಳಿಗೆ ಕಂಪ್ಯೂಟರಿನ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯೂ ಇರಲಿಲ್ಲ. ಬಿಡಿಸಿ ಹೇಳು ಎಂದರು. ಮುರಿಗೆಪ್ಪ ಹೇಳಿದ. ಕಂಪ್ಯೂಟರು ಕೆಲಸ ಮಾಡಬೇಕಾದರೆ ಅದರೊಳಗೆ ಎಲ್ಲವನ್ನೂ ನಡೆಸುವ ಒಂದು ಮೂಲ ವ್ಯವಸ್ಥೆ ಬೇಕು. ಅವನ ಕಂಪನಿಯಲ್ಲಿರುವುದು ದುಡ್ಡು ಕೊಟ್ಟು ತಂದ ಯೂನಿಕ್ಸ್. ಅದರ ಒಳಗುಟ್ಟು ಮಾರಿದವರಿಗೆ ಮಾತ್ರ ಗೊತ್ತು. ಕೆಟ್ಟರೆ ಅವರೇ ಬಂದು ಸರಿಮಾಡಬೇಕು. ಈಗ ಅವರು ಹಳೆಯದನ್ನು ಇನ್ನು ನೋಡಿಕೊಳ್ಳುವುದಿಲ್ಲ, ಹೊಸದನ್ನು ಕೊಳ್ಳಿ ಎಂದಿದ್ದಾರೆ. ಆಫೀಸಿನ ಇಂಜಿನಿಯರುಗಳು ಲಿನಕ್ಸ್ ಹಾಕೋಣ ಎನ್ನುತ್ತಾರೆ. ಅದನ್ನು ಲೋಕದ ಸಾವಿರಾರು ಜನ ಸೇರಿ ಕಟ್ಟಿದ್ದಾರೆ. ಒಳಗುಟ್ಟೆಲ್ಲ ಬಯಲಲ್ಲಿದೆ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು. ಮಾಲೀಕರು ತೀರ್ಮಾನವನ್ನು ಮುರಿಗೆಪ್ಪನ ತಲೆಗೆ ಕಟ್ಟಿದ್ದಾರೆ. ಇಂಜಿನಿಯರುಗಳು ಪರೀಕ್ಷೆಗೆಂದು ಲಿನಕ್ಸನ್ನು ತಂದು ಒಂದೆರಡು ಕಡೆ ತಿದ್ದಿಯೂ ನೋಡಿದ್ದಾರಂತೆ, ಕೆಲಸ ಮೊದಲಿಗಿಂತ ಚುರುಕಾಗಿದೆಯಂತೆ. ಆ ತಿದ್ದುಪಡಿಯನ್ನು ಹೊರಗೆ ಯಾರಿಗೂ ಹೇಳಬೇಡಿ ಎಂದು ತಾಕೀತು ಮಾಡಿದ್ದೇನೆ ಎಂದೂ ಮುರಿಗೆಪ್ಪ ಹೇಳಿದ.

ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯಿದ್ದ. ಅವನಿಗೆ ನಾಲ್ಕು ಗಾಣ, ಎಂಟು ಎತ್ತು. ಆ ಗಾಣಗಳನ್ನು ನಂಬಿ ಹನ್ನೆರಡು ಮನೆಗಳು ಬದುಕುತ್ತಿದ್ದವು. ವ್ಯಾಪಾರಿ ಕೆಟ್ಟವನಲ್ಲ. ಎಣ್ಣೆಗೆ ಕಲಬೆರಕೆ ಮಾಡಿದವನಲ್ಲ, ಅಳತೆಯಲ್ಲಿ ಮೋಸ ಮಾಡಿದವನಲ್ಲ. ಆದರೆ ನನ್ನದು ಎಂದು ಒಮ್ಮೆ ಹಿಡಿದದ್ದನ್ನು ಬಿಡುವುದು ಅವನ ಕೈಗೆ ಅಭ್ಯಾಸವಿರಲಿಲ್ಲ.

ಗಾಣದ ಒರಳಿನೊಳಗೆ ಒಂದು ಮರದ ಅಚ್ಚು ಕೂತಿರುತ್ತದೆ. ಎತ್ತು ಸುತ್ತಿದಂತೆ ಒನಕೆ ತಿರುಗಿ, ಕಾಳನ್ನು ಆ ಅಚ್ಚಿನ ಮೈಗೆ ಒತ್ತಿ ಅರೆಯುತ್ತದೆ. ಎಣ್ಣೆ ಹೆಚ್ಚು ಬರುವುದೂ ಕಡಿಮೆ ಬರುವುದೂ ಅಚ್ಚನ್ನು ಕಡೆದ ರೀತಿಯ ಮೇಲೆ. ವ್ಯಾಪಾರಿ ತನ್ನ ಗಾಣಗಳನ್ನು ದೂರದ ಪಟ್ಟಣದ ಒಂದು ಹೆಸರಾಂತ ಮನೆತನದಿಂದ ತರಿಸಿದ್ದ. ಅಚ್ಚಿಗೂ ಒರಳಿಗೂ ನಡುವೆ ಆ ಮನೆತನದವರು ಅರಗಿನ ಮುದ್ರೆ ಒತ್ತಿ ಕೊಡುತ್ತಿದ್ದರು. ಮುದ್ರೆಯನ್ನು ಕೊಂಡವನು ಒಡೆಯುವಂತಿಲ್ಲ. ಅಚ್ಚು ಸವೆದರೆ ಅವರ ಬಡಗಿಯೇ ಬರಬೇಕು. ಒಳ್ಳೆಯದನ್ನು ಒಳ್ಳೆಯದೆನ್ನಬೇಕು. ಹದಿನೈದು ವರ್ಷ ಗಾಣಗಳು ಒಂದು ದಿನವೂ ತಕರಾರು ಮಾಡದೆ ತಿರುಗಿದವು. ವ್ಯಾಪಾರಿ ಎತ್ತುಗಳನ್ನು ಬೈದದ್ದುಂಟು, ಗಾಣವನ್ನು ಬೈದದ್ದಿಲ್ಲ.

ಹದಿನಾರನೆಯ ವರ್ಷ ಪಟ್ಟಣದಿಂದ ಮಾತು ಬಂತು. ಆ ಹಳೆಯ ಅಚ್ಚನ್ನು ಈಗ ನಾವು ಕಡೆಯುವುದಿಲ್ಲ, ಗಾಣಗಳನ್ನೇ ಬದಲಾಯಿಸಿ ಎಂದು. ನೋಡೋಣ ಎಂದುಕೊಂಡ ವ್ಯಾಪಾರಿ. ಅಷ್ಟರಲ್ಲಿ ಹುಚ್ಚೆಳ್ಳಿನ ಸುಗ್ಗಿ ಬಂತು. ಮೊದಲ ವಾರ ಒಂದು ಅಚ್ಚು ಸೀಳಿತು, ಮರುವಾರ ಇನ್ನೆರಡು. ಪಟ್ಟಣಕ್ಕೆ ಮೂರು ಸಲ ಆಳು ಓಡಿದ. ಬಡಗಿ ಬರುತ್ತಾನೆ ಎಂಬ ಮಾತು ಮೂರು ಸಲವೂ ಬಂತು, ಬಡಗಿ ಬರಲಿಲ್ಲ. ಕಾಳು ಹೇರಿಕೊಂಡು ಬಂದ ಗಾಡಿಗಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಪಕ್ಕದ ಊರಿನ ಕಡೆಗೆ ತಿರುಗಿದವು. ಆಳುಗಳು ಎತ್ತುಗಳ ಮೈ ತಿಕ್ಕಿ ತಿಕ್ಕಿ ಹೊತ್ತು ಕಳೆದರು. ನಾಳೆ ಕೆಲಸ ಉಂಟೇ ಎಂದು ದಿನವೂ ಕೇಳಿದರು. ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಎರಡು ದಿನ ಕುಳಿತ. ಮೂರನೆಯ ದಿನ ಎದ್ದು, ಆ ಗಾಡಿಗಳು ಹೋದ ಊರಿಗೆ ತಾನೂ ಹೋದ.

ಅಂದು ಸೋಮವಾರ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ಗಾಣಗಳೆಲ್ಲ ನಿಂತಿದ್ದವು. ಗಾಣದವರು ಊರಾಚೆಯ ಒಂದು ಹಾಸುಬಂಡೆಯ ಮೇಲೆ ಸೇರಿದ್ದರು. ಬಂಡೆಯ ಮೇಲೆ ಗಾಣದ ಅಚ್ಚಿನ ಪೂರ್ತಿ ಅಳತೆಯನ್ನು ಕೊರೆದಿದ್ದರು. ಎಷ್ಟು ಆಳ, ಎಷ್ಟು ಇಳಿಜಾರು, ಬಾಯಿ ಎಷ್ಟು ಅಗಲ, ಎಲ್ಲವೂ ಕಣ್ಣಿಗೆ ಕಾಣುವಂತಿತ್ತು. ಬೇಕಾದವರು ಮರದ ದಿಮ್ಮಿ ತಂದು ಗೆರೆಗೆ ಹಿಡಿದು ಗುರುತು ಹಾಕಿಕೊಳ್ಳಬಹುದಿತ್ತು. ಯಾರಿಗಾದರೂ ಇದಕ್ಕಿಂತ ಒಳ್ಳೆಯ ಕಡೆತ ಹೊಳೆದರೆ ಅವರು ಸೋಮವಾರ ತಂದು ತೋರಿಸುತ್ತಿದ್ದರು. ಉಳಿದವರು ತಿರುಗಿಸಿ ನೋಡಿ ಹೌದೆಂದರೆ ಬಂಡೆಯ ಮೇಲಿನ ಗೆರೆ ಬದಲಾಗುತ್ತಿತ್ತು. ಅಲ್ಲಿ ಯಾರ ಹೆಸರನ್ನೂ ಕೊರೆಯುತ್ತಿರಲಿಲ್ಲ.

ವ್ಯಾಪಾರಿ ಬೆಲೆ ಕೇಳಿದ. ಬೆಲೆಯಿಲ್ಲ ಎಂದರು. ಅವನ ಅನುಮಾನ ಇನ್ನೂ ಹೆಚ್ಚಿತು. ವ್ಯಾಪಾರಿಯ ಮನಸ್ಸು ದುಬಾರಿ ಎಂದರೆ ಚೌಕಾಸಿಗೆ ಇಳಿಯುತ್ತದೆ, ಬಿಟ್ಟಿ ಎಂದರೆ ಹೆದರುತ್ತದೆ.

“ಬಂಡೆ ಯಾರ್ದು? ನಾಳೆ ಅಚ್ಚು ಕೆಟ್ರೆ ನಾನು ಯಾರನ್ನ ಹಿಡ್ಕೊಂಡು ಕೇಳ್ಲಿ?” ಎಂದು ಅಲ್ಲಿದ್ದ ಒಬ್ಬ ವಯಸ್ಸಾದ ಗಾಣದ ಹೆಂಗಸನ್ನು ಕೇಳಿದ.

“ಹಿಡ್ಕೊಳ್ಳಾಕೆ ಇಲ್ಲಿ ಯಾರೂ ಇಲ್ಲ ಸಾವ್ಕಾರ್ರೆ,” ಎಂದಳು ಆಕೆ. “ಆದ್ರೆ ನಾವೆಲ್ಲ ಇದನ್ನೇ ಇಟ್ಕೊಂಡಿದೀವಿ. ಕೆಟ್ರೆ ನಿಮ್ದೊಂದೇ ಕೆಡಲ್ಲ. ಅವಾಗ ನಾವ್ಯಾರೂ ಸುಮ್ನೆ ಕೂರಾಕಾಗಲ್ಲ.”

ಬೇರೆ ದಾರಿಯಿರಲಿಲ್ಲ. ವ್ಯಾಪಾರಿ ಅಳತೆ ತೆಗೆದುಕೊಂಡು ಬಂದ. ಕೊಟ್ಟ ಮಾತಿಗೆ ತಪ್ಪಬಾರದೆಂದು ಮುದ್ರೆಯಿದ್ದ ಗಾಣಗಳನ್ನು ಹಾಗೆಯೇ ಪಕ್ಕಕ್ಕಿಟ್ಟು ಹೊಸ ಒರಳು ಹಾಕಿಸಿದ. ತನ್ನೂರಿನ ಬಡಗಿಯೊಬ್ಬನನ್ನು ಸಂಬಳಕ್ಕೆ ಇಟ್ಟುಕೊಂಡ. ಬಡಗಿ ಕಡೆದ ಮೊದಲ ಅಚ್ಚು ಕೂರಲೇ ಇಲ್ಲ, ಎರಡನೆಯದು ಸೋರಿತು. ಪ್ರತಿ ಸೋಮವಾರ ಅವನು ಬಂಡೆಗೆ ಹೋಗಿ ಕೇಳಿ ಬಂದ. ಅಳತೆ ಬಿಟ್ಟಿ, ಬಡಗಿ ಬಿಟ್ಟಿಯಲ್ಲ ಎಂಬುದು ವ್ಯಾಪಾರಿಗೆ ಗೊತ್ತಾಯಿತು. ಮೂರನೆಯ ಅಚ್ಚು ತಿರುಗಿತು. ಸುಗ್ಗಿ ಮುಗಿಯುವ ಮೊದಲೇ ನಾಲ್ಕೂ ಗಾಣ ತಿರುಗಿದವು. ಹನ್ನೆರಡು ಮನೆಗಳವರು ಆ ವರ್ಷ ಉಪವಾಸ ಬೀಳಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಡಗಿ ಜಾಣ. ಎರಡು ವರ್ಷ ಅಚ್ಚು ಕಡೆದು ಕಡೆದು ಅವನ ಕೈಗೇ ಒಂದು ವಿಷಯ ಹೊಳೆಯಿತು. ಅಚ್ಚಿನ ತಳದಲ್ಲಿ ಸುತ್ತಲೂ ಬೆರಳಗಲದ ಕಾಲುವೆಯೊಂದನ್ನು ತೆಗೆದ. ಹಿಂಡಿಯಲ್ಲಿ ಉಳಿದುಹೋಗುತ್ತಿದ್ದ ಎಣ್ಣೆ ಆ ಕಾಲುವೆಗೆ ಇಳಿಯಿತು. ಒಂದೊಂದು ಗಾಣಕ್ಕೂ ದಿನಕ್ಕೆ ಒಂದು ಪಾವು ಹೆಚ್ಚು. ಬಡಗಿ ಕುಣಿದಾಡಿಬಿಟ್ಟ. ಸೋಮವಾರ ಬಂಡೆಗೆ ಒಯ್ದು ತೋರಿಸೋಣ ಎಂದ.

ವ್ಯಾಪಾರಿ ಬೇಡವೆಂದ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವುದು ಲೋಕದ ಮಾತು. ಬಿಟ್ಟಿ ಕೊಡುವ ಸರದಿ ಬಂದಾಗ ಮಾತ್ರ ಅಪ್ಪನೂ ನೆನಪಾಗುವುದಿಲ್ಲ, ಅಮ್ಮನೂ ನೆನಪಾಗುವುದಿಲ್ಲ. ಇದು ನಮ್ಮ ಮನೆಯಲ್ಲಿ ಹುಟ್ಟಿದ್ದು, ಅವರಿಗೇಕೆ ಕೊಡಬೇಕು ಎಂದು ಅವನು ವಾದಿಸಿದ. ಅರಗು ಕಾಯಿಸಿ ನಾಲ್ಕೂ ಅಚ್ಚಿಗೆ ತನ್ನ ಉಂಗುರದ ಮುದ್ರೆಯನ್ನೇ ಒತ್ತಿದ. ಬಂಡೆಯ ಕಡೆ ತಲೆ ಹಾಕಬೇಡ ಎಂದು ಬಡಗಿಗೆ ಕಟ್ಟಪ್ಪಣೆ ಮಾಡಿದ. ಪಟ್ಟಣದವರ ಮುದ್ರೆಯಿಂದ ಬಿಡಿಸಿಕೊಂಡವನು ತನ್ನದೇ ಮುದ್ರೆಯೊಳಗೆ ತಾನೇ ಹೋಗಿ ಕೂತ.

ಆರು ವರ್ಷ ಚೆನ್ನಾಗಿಯೇ ನಡೆಯಿತು. ಕಾಲುವೆಗೆ ಜಾಗ ಸಾಲದೆಂದು ವ್ಯಾಪಾರಿ ಒರಳುಗಳನ್ನು ಆಳ ಮಾಡಿಸಿದ, ಒನಕೆಗಳನ್ನು ಉದ್ದ ಮಾಡಿಸಿದ. ಅತ್ತ ಬಂಡೆಯ ಮೇಲೆ ಗೆರೆಗಳು ಮೂರು ಸಲ ಬದಲಾದವು. ಇವನಿಗೆ ಅದರ ಗೊಡವೆಯಿರಲಿಲ್ಲ.

ಆಮೇಲೆ ಆ ಸೀಮೆಗೆ ಕಡಲೆಕಾಯಿ ಬಂತು. ಜನ ಹುಚ್ಚೆಳ್ಳು ಬಿಟ್ಟು ಕಡಲೆಕಾಯಿ ಬಿತ್ತಿದರು. ಬಂಡೆಯವರು ಒಂದು ಸುಗ್ಗಿಯಲ್ಲಿಯೇ ಅದಕ್ಕೆ ಹೊಂದುವ ಅಚ್ಚು ಕಂಡುಹಿಡಿದರು. ವ್ಯಾಪಾರಿಯ ಗಾಣದಲ್ಲಿ ಅರೆದ ಬೀಜ ಮೆತ್ತಗಾಗಿ ಕಾಲುವೆಯಲ್ಲಿ ಮೆತ್ತಿಕೊಂಡಿತು. ಎಣ್ಣೆ ಇಳಿಯಲಿಲ್ಲ, ಒನಕೆ ಸಿಕ್ಕಿಕೊಂಡಿತು. ಎತ್ತುಗಳು ಎರಡು ಸುತ್ತಿಗೇ ನಿಂತವು. ವ್ಯಾಪಾರಿ ಕಟ್ಟಪ್ಪಣೆ ಸಡಿಲಿಸಿದ, ಬಡಗಿ ಬಂಡೆಗೆ ಹೋಗಿ ಹೊಸ ಅಳತೆ ತಂದ. ಆಳ ಮಾಡಿಸಿದ ಒರಳಿಗೆ ಅದು ಕೂರಲಿಲ್ಲ. ನಮ್ಮ ಅಚ್ಚನ್ನು ನೋಡದೆ ಅವರು ದಾರಿ ಹೇಳಲಾರರು, ನಾನೊಬ್ಬನೇ ಎಷ್ಟು ಕಡೆಯಲಿ ಎಂದು ಕೈಚೆಲ್ಲಿದ. ಹನ್ನೆರಡು ಮನೆಗಳಲ್ಲಿ ಎರಡು ಮನೆಯವರು ಬೇರೆ ಊರಿಗೆ ಕೂಲಿಗೆ ಹೊರಟುಹೋದರು.

ಮೂರು ಸೋಮವಾರ ವ್ಯಾಪಾರಿ ಹೊರಟು ಹೊರಟು ಹಿಂದೆ ಬಂದ. ಮುದ್ರೆ ಒಡೆದರೆ ಗುಟ್ಟೂ ಹೋಗುತ್ತದೆ, ಮಾನವೂ ಹೋಗುತ್ತದೆ. ಉಂಡ ಮನೆಗೆ ಬಾಗಿಲು ಹಾಕಿದವನು ಎಂದು ಐವತ್ತು ಜನರ ಮುಂದೆ ಅನ್ನಿಸಿಕೊಳ್ಳಬೇಕಾಗುತ್ತದೆ. ಮೂರನೆಯ ಮನೆಯವರು ಗಂಟು ಕಟ್ಟುವುದನ್ನು ಕಂಡ ದಿನ ಅವನು ಒಂದು ಅಚ್ಚನ್ನು ಕಿತ್ತು ಗಾಡಿಗೆ ಹಾಕಿಸಿದ, ಬಡಗಿಯನ್ನೂ ಹತ್ತಿಸಿಕೊಂಡ. ನಾಲ್ಕನೆಯ ಸೋಮವಾರ ಬಂಡೆಯ ಮೇಲೆ ಎಲ್ಲರ ಎದುರು ಅಚ್ಚಿಗೆ ಅಂಟಿದ್ದ ಮುದ್ರೆಯ ಅರಗನ್ನು ತನ್ನ ಕೈಯಿಂದಲೇ ಒಡೆದ.

ಗಾಣದವರು ಬಗ್ಗಿ ನೋಡಿದರು. ಅದೇ ಹೆಂಗಸು ಈಗ ಹಣ್ಣು ಮುದುಕಿಯಾಗಿದ್ದಳು. ಅಚ್ಚಿನೊಳಗೆ ಕೈ ಇಳಿಸಿ ಕಾಲುವೆಯ ಉದ್ದಕ್ಕೂ ಬೆರಳಾಡಿಸಿದಳು.

“ಎಷ್ಟು ವರ್ಷದಿಂದ ಐತೆ ಇದು?”

“ಆರು ವರ್ಷ ಆಯ್ತು ಕಣಮ್ಮ.”

“ಆರು ವರ್ಷ ನಮ್ಮ ಹಿಂಡೀಲಿ ಎಣ್ಣೆ ಉಳೀತಲ್ಲ ಸಾವ್ಕಾರ್ರೆ.”

ಅವಳು ಬೈದದ್ದು ಅಷ್ಟೇ. ಅಚ್ಚನ್ನು ಪಕ್ಕದವರ ಕಡೆಗೆ ಉರುಳಿಸಿದಳು. ಆಮೇಲೆ ಅವರಿಗೆ ವ್ಯಾಪಾರಿ ನಿಂತಿದ್ದಾನೆ ಎಂಬುದೇ ಮರೆತುಹೋಯಿತು. ಕಾಲುವೆ ತಳದಲ್ಲಿರುವುದರಿಂದ ತಾನೇ ಕಟ್ಟಿಕೊಳ್ಳುವುದು ಎಂದನೊಬ್ಬ. ಎರಡು ಬೆರಳು ಮೇಲಕ್ಕೆ ತೆಗೆದರೆ ಹೇಗೆ ಎಂದನು ಇನ್ನೊಬ್ಬ. ಮೇಲೆ ತೆಗೆದರೆ ಒರಳು ಆಳವಿರಬೇಕು, ಇವರದು ಆಳವಾಗಿಯೇ ಇದೆಯಲ್ಲ ಎಂದಳು ಮುದುಕಿ. ಬಡಗಿ ಅವರ ನಡುವೆ ಕೂತು ಉಳಿ ಹಿಡಿದ. ಅವನ ಮುಖ ಅಷ್ಟು ಅರಳಿದ್ದನ್ನು ವ್ಯಾಪಾರಿ ಆರು ವರ್ಷದಲ್ಲಿ ಕಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಹೊಸ ಅಚ್ಚು ಸಿದ್ಧವಾಯಿತು. ಮರುದಿನ ವ್ಯಾಪಾರಿಯ ಗಾಣದಲ್ಲಿ ಕಡಲೆಕಾಯಿ ಎಣ್ಣೆ ಧಾರೆಯಾಗಿ ಇಳಿಯಿತು. ಬಂಡೆಯವರ ಹಳೆಯ ಅಚ್ಚಿಗಿಂತ ಅದರಲ್ಲಿ ಎಣ್ಣೆ ಹೆಚ್ಚು ಬಂತು. ಮುಂದಿನ ಸೋಮವಾರ ಬಂಡೆಯ ಮೇಲೆ ಗೆರೆ ಬದಲಾಯಿತು. ಆ ಗೆರೆಯನ್ನು ಕೊರೆಯಲು ಬಡಗಿಗೇ ಕೊಟ್ಟರು.

ವ್ಯಾಪಾರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು. ಕೂಲಿಗೆ ಹೋಗಿದ್ದ ಎರಡು ಮನೆಯವರಿಗೆ ಹೇಳಿ ಕಳಿಸಿದ. ಅವರು ಹಿಂದಿರುಗಿ ಬಂದರು. ಊರಿನಲ್ಲಿ ಗಾಣದ ಸಂಖ್ಯೆ ನಾಲ್ಕಿದ್ದದ್ದು ಆರಾಯಿತು. ಅಲ್ಲಿಂದ ಮುಂದೆ ಅವನು ಯಾವ ಸೋಮವಾರವನ್ನೂ ತಪ್ಪಿಸಲಿಲ್ಲ. ತೋರಿಸಲು ಏನೂ ಇಲ್ಲದ ದಿನವೂ ಹೋಗಿ ಕೂತು ಬರುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಮುರಿಗೆಪ್ಪನ ಎದೆಯ ಭಾರ ಇಳಿದಿತ್ತು. ಮಾಲೀಕರಿಗೆ ಏನು ಹೇಳಬೇಕೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಏಳುವ ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳಬೇಕೆನ್ನಿಸಿತು.

“ಹಾಗಾದರೆ ಲಿನಕ್ಸ್ ಕಟ್ಟಿದವರನ್ನು ನಂಬಬಹುದು ಎನ್ನುತ್ತೀರಾ, ಗುರುಗಳೇ?”

“ಅವರನ್ನು ನಂಬಬಹುದೇ ಎಂದು ಕೇಳಲು ನೀನು ಇಲ್ಲಿಯವರೆಗೆ ಬಂದೆ, ನಿನ್ನನ್ನು ನಂಬಬಹುದೇ ಎಂದು ಅವರು ಯಾರನ್ನು ಕೇಳಬೇಕು, ಮುರಿಗೆಪ್ಪ?”