ಕಾಯಿಗುಡ್ಡಕ್ಕೆ ಹೋದ ಏಳು ಜನ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಸೋದರತ್ತೆ ಮಂಕಾಳಮ್ಮ. ತೆಂಗಿನ ಮಡಲು ನೇಯುತ್ತ ಹೇಳುತ್ತಿದ್ದಳು. ಹೆದರಿಕೆಯ ಜಾಗ ಬಂದಾಗ ಅವಳ ಕೈ ನಿಂತುಬಿಡುತ್ತಿತ್ತು. ದೇವರನ್ನು ನೆನೆದು, ಅವಳು ಹೇಳಿದ ಹಾಗೇ ಹೇಳುತ್ತೇನೆ.

ಒಂದಾನೊಂದು ಕಡಲಕರೆಯ ಊರಲ್ಲಿ ಸಣ್ಣಿ ಅಂತ ಒಬ್ಬ ಸೊಸೆ ಇದ್ದಳಂತೆ. ಎರಡು ಸಲ ಬಸುರಾದಳು, ಎರಡು ಸಲವೂ ನಿಲ್ಲಲಿಲ್ಲ. “ಮೂರು ತಿಂಗಳು ತುಂಬುವ ಮೊದಲೇ ಊರಿಗೆಲ್ಲ ಹೇಳಿ ಕಣ್ಣು ತಾಗಿಸಿಕೊಂಡೆ” ಅಂತ ಅತ್ತೆ ದೂರಿದ್ದಳು. ಹಾಗಾಗಿ ಮೂರನೆಯ ಸಲ ಸಣ್ಣಿ ಗಂಡ ಹಮ್ಮಣ್ಣನಿಗೂ ಬಾಯಿ ಬಿಡಲಿಲ್ಲವಂತೆ.

ಅದೇ ಹೊತ್ತಿಗೆ ಮನೆಯವರೆಲ್ಲ ಕಾಯಿಗುಡ್ಡ ನೋಡಲು ಹೊರಟರು. ನಡುಗಡಲಲ್ಲಿ ಕವುಚಿಟ್ಟ ಬೋಗುಣಿಯಂತಹ ದ್ವೀಪ ಅದು. ಮನುಷ್ಯರ ವಾಸವಿಲ್ಲ. ದೋಣಿ ನಡೆಸುವ ತಾಂಡೇಲ ಜಟ್ಟಪ್ಪನೂ ಸೇರಿ ಏಳು ಜನ.

ದಡ ಮುಟ್ಟಿದ್ದೇ ಜಟ್ಟಪ್ಪ ಎಲ್ಲರನ್ನೂ ತಡೆದ. “ಇದು ಗುಡ್ಡದಮ್ಮನ ಜಾಗ. ಇವಳ ಮರಳು ತುಳಿಯುವವರು ತಲೆಗೊಂದು ತೆಂಗಿನಕಾಯಿ ಈ ಕಲ್ಲಿನ ಮೇಲಿಟ್ಟು ‘ಬಂದೆ ತಾಯಿ’ ಅನ್ನಬೇಕು. ಹೋಗುವಾಗ ಅವರವರ ಕಾಯಿ ಅವರವರೇ ಎತ್ತಿಕೊಳ್ಳಬೇಕು. ಕಾಯಿ ಇಡದವರನ್ನು ಅಮ್ಮ ಬಿಡುವುದಿಲ್ಲ.”

“ನನ್ನ ಸೊಸೆಗೆ ದೊಡ್ಡ ಕಾಯಿ ಕೊಡು ಮಾರಾಯ. ಅವಳು ನಿಂತಲ್ಲಿ ನಿಲ್ಲುವವಳಲ್ಲ, ಮರಳೆಲ್ಲ ತುಳಿಯುತ್ತಾಳೆ” ಅಂದಳು ಅತ್ತೆ. ಎಲ್ಲರೂ ನಕ್ಕರು.

ಸಣ್ಣಿಯ ಕೈ ಜಟ್ಟಪ್ಪನ ಕಾಯಿ ಬುಟ್ಟಿಯ ಮೇಲೆ ತಡೆಯಿತು. ಎರಡು ಎತ್ತಿದರೆ ಯಾಕೆ ಅಂತ ಕೇಳುತ್ತಾರೆ. ಒಂದೇ ಎತ್ತಿದಳು, ಒಂದೇ ಇಟ್ಟಳು.

ನೋಡಿದರು, ನೋಡಿದರು. ಕಲ್ಲ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಏಡಿಗಳು. ಉಪ್ಪುನೀರಿನ ನಡುವೆ ಸಿಹಿನೀರಿನ ಒರತೆ. ಅಲೆ ಹೊಕ್ಕಾಗ ಉಸಿರು ಬಿಟ್ಟಂತೆ ಸದ್ದು ಮಾಡುವ ಗವಿ. ಹಿಂದೆ ಉಳಿದ ಸಣ್ಣಿ ಸುಮ್ಮನೆ ತಿರುಗಿ ನೋಡಿದಳು. ಮರಳಲ್ಲಿ ಅವಳ ಹೆಜ್ಜೆಯ ಪಕ್ಕಕ್ಕೇ ಇನ್ನೊಂದು ಹೆಜ್ಜೆ. ಬೆರಳುಗಳಿವೆ, ಹಿಮ್ಮಡಿಯಿಲ್ಲ. ಅವಳು ನಿಂತರೆ ಅದೂ ನಿಂತಿತು. ಅವಳು ನಡೆದರೆ ಅದೂ ನಡೆಯಿತು. ಹಕ್ಕಿಗಳ ಕೂಗು ಯಾವಾಗ ನಿಂತಿತೋ ಅವಳಿಗೆ ತಿಳಿಯಲಿಲ್ಲ.

“ಹೊರಡೋಣ” ಅಂತ ಓಡಿ ಬಂದಳು. ಏಳು ಜನ ಏಳು ಕಾಯಿ ಎತ್ತಿಕೊಂಡರು, ದೋಣಿ ಹತ್ತಿದರು. ಏಳು ಸಲ ಹುಟ್ಟು ಹಾಕಿದರೆ ದೋಣಿ ಮತ್ತೆ ದಡಕ್ಕೇ ಬಂತು. ಮತ್ತೆ ಏಳು ಹಾಕಿದರು, ಮತ್ತೆ ದಡ. ಮೂರನೆಯ ಸಲ ಬಂದಾಗ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಳಂತೆ.

“ಕಾಯಿ ಏಳು, ಜೀವ ಎಂಟು. ಹೇಳದೆ ಬಂದದ್ದು ನನ್ನದು.”

ಒಬ್ಬರ ಮುಖ ಒಬ್ಬರು ನೋಡಿದರು. ಸಣ್ಣಿಯ ಕಿಬ್ಬೊಟ್ಟೆಯಲ್ಲಿ ಚಳುಕು ಎದ್ದಿತು. ಮೊದಲಿನ ಎರಡು ಸಲವೂ ಹೀಗೇ ಎದ್ದಿತ್ತು.

“ನನ್ನ ಹೊಟ್ಟೆಯಲ್ಲಿದೆ, ಅತ್ತೆ” ಅಂದಳು.

“ಅಯ್ಯೋ ಹೆಣ್ಣೇ! ನನಗಾದರೂ ಹೇಳಬಾರದಿತ್ತಾ?”

“ಹೇಳಿದ್ದಕ್ಕೇ ಬೈದಿರಲ್ಲ!”

ಮುದುಕಿ ಸೆರಗು ಒಡ್ಡಿದಳು. “ಹಾಕು.”

ಸಣ್ಣಿ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ದೋಣಿಯಿಂದ ಇಳಿಯದೆಯೇ ಅಂದಳಂತೆ: “ಅಮ್ಮಾ, ಕಾಯಿ ಇಡಬೇಕಾದ್ದು ನಿನ್ನ ಮರಳು ತುಳಿದವರು. ಹೆಜ್ಜೆ ನೋಡು. ಹಿಮ್ಮಡಿಯಿಲ್ಲದ ನಿನ್ನ ಹೆಜ್ಜೆ ಬಿಟ್ಟು ಎಂಟನೆಯ ಜೋಡಿ ಕಾಲು ಕಂಡರೆ ಕೊಡುತ್ತೇನೆ. ನನ್ನ ಕೂಸು ಇನ್ನೂ ನೆಲ ತುಳಿದಿಲ್ಲ.”

ಮುದುಕಿ ಬಗ್ಗಿ, ಬೆರಳೂರಿ ಒಂದೊಂದೇ ಹೆಜ್ಜೆ ಎಣಿಸಿದಳು. ಮಂಕಾಳತ್ತೆಯ ಕೈ ನಿಲ್ಲುತ್ತಿದ್ದದ್ದು ಇಲ್ಲಿಯೇ. ಒಂದು, ಎರಡು, ಮೂರು... ಏಳಕ್ಕೆ ಬೆರಳು ನಿಂತಿತು.

“ಮಾತು ಸರಿ. ತುಳಿಯುವ ದಿನ ಕಾಯಿ ತರಲಿ” ಅಂದಳು. ಚಳುಕು ಇಳಿಯಿತು. ದೋಣಿ ಹೊರಟಿತು.

ದೇವರ ದಯೆ, ಹೆಣ್ಣುಕೂಸು ಹುಟ್ಟಿತು. ಅದು ನಡೆಯಲು ಕಲಿತ ಮೇಲೆ ಅತ್ತೆಯೇ ಸೊಂಟದ ಮೇಲೆ ಹೊತ್ತು ಕಾಯಿಗುಡ್ಡಕ್ಕೆ ಹೋದಳು. ಕೂಸಿನ ಕೈಯಿಂದಲೇ ಕಾಯಿ ಇಡಿಸಿ, “ಬಂದೆ ತಾಯಿ” ಅನ್ನಿಸಿ, ಆಮೇಲೆ ಕೆಳಗೆ ಬಿಟ್ಟಳು. ಪುಟ್ಟ ಹೆಜ್ಜೆಗಳ ಪಕ್ಕದಲ್ಲಿ ಹಿಮ್ಮಡಿಯಿಲ್ಲದ ಹೆಜ್ಜೆ ಮೂಡಿತಂತೆ. ಒಂದಲ್ಲ, ಎರಡಲ್ಲ, ಏಳು. ಆಮೇಲೆ ಅದು ತಿರುಗಿ ಗುಡ್ಡ ಹತ್ತಿ ಹೋಯಿತಂತೆ.

ಆ ಊರಿನ ಹೆಂಗಸರು ಇಂದಿಗೂ ಅಲ್ಲಿ ಎರಡು ಕಾಯಿ ಇಟ್ಟರೆ ಯಾರೂ ಯಾಕೆ ಅಂತ ಕೇಳುವುದಿಲ್ಲವಂತೆ.

ಕಾಯಿ ಕಲ್ಲಿನ ಮೇಲೆ, ಕಥೆ ನಿಮ್ಮ ಮಡಿಲಲ್ಲಿ. ಇಟ್ಟುಕೊಳ್ಳಬೇಡಿ, ಹೊಸ ಸೊಸೆ ಬಂದ ಮನೆಗೆ ಹೋದಾಗ ಅತ್ತೆಗೂ ಕೇಳುವ ಹಾಗೆ ಹೇಳಿ ಬನ್ನಿ.