ಬೀಜಕ್ಕೆ ಸಾಲದ ನಾಡು

ಹೊಳೆಯ ದಡದ ಒದ್ದೆ ಮರಳಿನಲ್ಲಿ ಕೇತಮಲ್ಲನು ಒಂದು ರಾಜ್ಯವನ್ನು ತೋಡುತ್ತಿದ್ದನು.

ನಾಡಿಗೊಂದು ಕುಳಿ. ಸಾವಿರ ಜನಕ್ಕೊಂದು ಹುಣಸೆಬೀಜ.

ಮರುದಿನ ಯುವರಾಜನು ಆಶ್ರಮಕ್ಕೆ ಬರುವವನಿದ್ದನು. ಈ ಮರಳಿನ ಮೇಲೆ ಆಡಿ ಯುದ್ಧ ಕಲಿಯುವನು. ಬೀಜಕ್ಕೆ ನೂರು ಆಳಿನಂತೆ ನಾಡುಗಳಿಂದ ದಂಡು ಕೂಡಿಸುವನು. ಆಟದ ನೆಲವನ್ನು ಅಣಿಗೊಳಿಸುವ ಹೊಣೆ ಮೊದಲ ಬಾರಿಗೆ ಕೇತಮಲ್ಲನದಾಗಿತ್ತು.

ಇಳಿಹೊತ್ತಿನ ಮಂಜು ನೀರಿನಿಂದೆದ್ದು ಕುಳಿಗಳ ಮೇಲೆ ಮೆಲ್ಲನೆ ಹರಡಿತು. ಅದರೊಳಗಿಂದ ಗುರು ವಿಮಳಶಿವರು ನಡೆದು ಬಂದರು.

"ಜನರನ್ನು ಹೇಗೆ ಎಣಿಸಿದೆ?"

"ಗುಡ್ಡವೇರಿ ಹೊಗೆ ನೋಡಿದೆ, ಗುರುಗಳೇ. ಹೊಗೆಗೊಂದು ಒಲೆ, ಒಲೆಗೆ ಐವರು."

"ಐವರೆಂದು ಯಾರು ಹೇಳಿದರು?"

"ನಮ್ಮ ಮನೆಯಲ್ಲಿ ಐವರು."

"ನೀನು ಇಲ್ಲಿದ್ದೀಯ. ಅಲ್ಲಿಗೆ ನಾಲ್ವರು."

ಕೇತಮಲ್ಲನ ಕಿವಿ ಕೆಂಪಾಯಿತು.

ಗುರುಗಳು ಕುಳಿಗಳ ಸುತ್ತ ನಡೆದರು. ಹೆಸರಿನೊಡನೆ ಊರುಗಳ ಎಣಿಕೆಯನ್ನೂ ಸೇರಿಸಿ ನಾಡನ್ನು ಕರೆಯುವುದು ಅಲ್ಲಿಯ ವಾಡಿಕೆ.

"ಇದು ಮಾವಿನಕೆರೆ ಮುನ್ನೂರು. ಸರಿ. ಕಡವಿನಾಡು ಹನ್ನೆರಡು ಎಲ್ಲಿ?"

ಕೇತಮಲ್ಲನು ಹೊಳೆಯಾಚೆ ನೋಡಿದನು. ಆ ದಡದಲ್ಲಿ ಹೊಗೆಯೂ ಮಂಜೂ ಒಂದಾಗಿದ್ದವು.

"ಅದು ಬೀಜಕ್ಕೆ ಸಾಲದು, ಗುರುಗಳೇ. ಮಾವಿನಕೆರೆಯ ಕುಳಿಗೇ ಸೇರಿಸಿದೆ."

ಗುರುಗಳು ಮರಳಿನ ಮೇಲೆ ಕುಳಿತರು.

"ಒಂದು ಆಟ ಆಡೋಣ. ನೀನೇ ಯುವರಾಜ. ಮಾವಿನಕೆರೆ ಹಗೆಯನ್ನು ಕೂಡಿತು. ಏನು ಮಾಡುವೆ?"

"ಆ ನಾಡನ್ನು ಬರಿದು ಮಾಡುವೆ."

"ಮಾಡು."

ಕೇತಮಲ್ಲನು ಕುಳಿಯ ಬೀಜಗಳನ್ನು ಬೊಗಸೆಯಲ್ಲಿ ತೆಗೆದು ಹೊಳೆಗೆ ಚೆಲ್ಲಿದನು. ಅವು ಸದ್ದಿಲ್ಲದೆ ಮುಳುಗಿದವು.

"ಕಡವಿನವರ ತಪ್ಪೇನು?" ಎಂದು ಗುರುಗಳು ಕೇಳಿದರು.

ಕೇತಮಲ್ಲನ ಬೊಗಸೆ ಬಿಚ್ಚಿದಂತೆಯೇ ಉಳಿಯಿತು.

ಅವನು ಅವಸರವಾಗಿ ಕಡವಿನಾಡಿಗೆಂದು ಹೊಸ ಕುಳಿಯೊಂದನ್ನು ತೋಡಿದನು. ಅದರಲ್ಲಿ ಒಂದು ಬೀಜವನ್ನಿಟ್ಟನು.

"ನಾಳೆ ಆ ನಾಡು ನೂರು ಆಳು ಕೊಡಬೇಕು," ಎಂದರು ಗುರುಗಳು. "ಅಲ್ಲಿ ಉಳುವವರು ಯಾರು? ಮುದುಕಿಯರೇ?"

ಕೇತಮಲ್ಲನು ಬೀಜವನ್ನು ಹಿಂದಕ್ಕೆ ತೆಗೆದನು. ಕಲ್ಲಿನ ಮೇಲಿಟ್ಟು, ಅರ್ಧ ಮಾಡಲೆಂದು ಮತ್ತೊಂದು ಕಲ್ಲಿನಿಂದ ಹೊಡೆದನು. ಅದು ಚೂರುಚೂರಾಗಿ ಮರಳಿನಲ್ಲಿ ಮರಳಾಯಿತು.

"ಭಲೇ! ಯುವರಾಜನು ಬರುವ ಮುಂಚೆಯೇ ಕಡವಿನವರನ್ನು ಎರಡು ಸಲ ಕೊಂದೆ."

"ಹಾಗಾದರೆ ಏನಿಡಲಿ, ಗುರುಗಳೇ?"

"ನಿನಗೆ ತಿಳಿದಷ್ಟನ್ನು ಇಡು."

 ಅವನು ಕುಳಿಯ ಅಂಚನ್ನು ಬೆರಳಿನಿಂದ ನೇರಗೊಳಿಸಿ, ಅದನ್ನು ಬರಿದಾಗಿಯೇ ಬಿಟ್ಟನು.

ಗುರುಗಳು ಒಪ್ಪಿಗೆಯಿಂದ ತಲೆಯಾಡಿಸಿದರು.

"ಆದರೆ ಬರಿದಾದ ಕುಳಿಯನ್ನು ಕಂಡರೆ, ಇಲ್ಲಿ ಯಾರೂ ಇಲ್ಲವೆಂದು ಯುವರಾಜರು ಇದರ ಮೇಲೆಯೇ ದಂಡು ನಡೆಸಿಯಾರು!" ಎಂದನು ಕೇತಮಲ್ಲ.

"ನಡೆಸಿಯಾನು. ಅದಕ್ಕೇ ನಾಳೆ ನೀನು ಅವನ ಪಕ್ಕದಲ್ಲಿ ಕೂರಬೇಡ. ಈ ಕುಳಿಯ ಪಕ್ಕದಲ್ಲಿ ಕೂರು. ಅವನು ಇಲ್ಲಿ ಕಾಲಿಡುವ ಮುನ್ನ, ಅಲ್ಲಿರುವವರ ಹೆಸರು ಹೇಳು."

ಯುವರಾಜನ ಪಕ್ಕದ ಜಾಗಕ್ಕಾಗಿ ಕೇತಮಲ್ಲನು ಎಷ್ಟೋ ಕಾಲದಿಂದ ಆಸೆಪಟ್ಟಿದ್ದನು. ಈಗ ಅದು ನೆನಪಿಗೂ ಬರಲಿಲ್ಲ.

"ಅವರ ಹೆಸರುಗಳು ನನಗೆ ತಿಳಿಯವು, ಗುರುಗಳೇ. ಒಂದೂ ತಿಳಿಯದು."

ಮಂಜಿನೊಳಗೆ ಎಲ್ಲಿಯೋ ನೀರು ಮರಕ್ಕೆ ಬಡಿಯುವ ಸದ್ದು ಕೇಳಿಸಿತು. ಗುರುಗಳು ಎದ್ದು, ಬಟ್ಟೆಯ ಮರಳನ್ನು ಕೊಡವಿದರು.

"ಆಚೆ ದಡದ ದೋಣಿ ಬಂದಿದೆ. ಹುಟ್ಟು ಹಾಕುವವನ ಹೆಸರಿನಿಂದಲೇ ಆರಂಭಿಸು."