ಮಸುಕು ಮೂಲೆ

ಹೊಳೆದಂಡೆಯಲ್ಲಿ ದೇವೀರಮ್ಮನ ಆಶ್ರಮ. ಆಶ್ರಮವೆಂದರೆ ಹೆಂಚು ಹೊದಿಸಿದ ಎರಡು ಕೋಣೆ, ಒಂದು ಹೊಂಗೆಮರ, ಮಾಡು ಬಿದ್ದುಹೋದ ಕೊಟ್ಟಿಗೆಯ ಒಂದು ಕಲ್ಲುಗೋಡೆ. ಅಲ್ಲಿ ಜಪವಿಲ್ಲ, ಭಜನೆಯಿಲ್ಲ. ದೇವೀರಮ್ಮ ಕಲಿಸುತ್ತಿದ್ದದ್ದು ಫೋಟೋ ತೆಗೆಯುವುದನ್ನು.

ಕಲಿಯುವವಳು ಶಶಿರೇಖಾ ಒಬ್ಬಳೇ. ಅವಳ ಜೊತೆ ಬಂದವರೆಲ್ಲ ದೇವೀರಮ್ಮನ ಬಾಯಿಗೆ ಹೆದರಿ ಓಡಿಹೋಗಿದ್ದರು.

ಶಶಿ ಓಡುವವಳಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದರೂ, ಅಂಗಡಿ ಪೊಟ್ಟಣದ ಕಾಗದ ಬಿಡಿಸಿ ಓದುತ್ತಾ ಓದುತ್ತಾ ಕ್ಯಾಮೆರಾ ಪುಸ್ತಕದವರೆಗೆ ಬಂದವಳು. ಹಿಡಿದದ್ದನ್ನು ಬಿಟ್ಟ ಚರಿತ್ರೆ ಅವಳದಲ್ಲ.

ಈಗ ಹಿಡಿದಿದ್ದ ಹಟ ಇದು: ಒಂದು ಹಕ್ಕಿಯ ಸಂಸಾರವನ್ನು, ಕಡ್ಡಿ ತರುವ ದಿನದಿಂದ ಮರಿ ಹಾರುವ ದಿನದವರೆಗೆ, ಸಾಲಾಗಿ ಫೋಟೋ ತೆಗೆಯಬೇಕು. ಅದೂ ಹೊಳೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಯದೇ ಆಗಬೇಕು.

ಕೈಯಲ್ಲಿದ್ದದ್ದು ಮಾತ್ರ ಆಶ್ರಮದ ಹಳೆಯ ಮಿರರ್‌ಲೆಸ್ ಕ್ಯಾಮೆರಾ. ಒಳಗೆ ಕನ್ನಡಿಯಿಲ್ಲದ್ದು, ಹಾಗಾಗಿ ಬೆಲ್ಲದ ಅಚ್ಚಿನಷ್ಟೇ ಗಾತ್ರ. ಬಂದ ಕಾಲಕ್ಕೆ ಅದೇ ಹೊಸ ಅದ್ಭುತ. ಈಗ ಹಿಡಿಯುವ ಜಾಗದ ರಬ್ಬರೂ ಸವೆದಿತ್ತು.

"ಅಮ್ಮ, ಇದರಲ್ಲಿ ಹಕ್ಕಿ ಆಗಲ್ಲ," ಎಂದಳು ಶಶಿ.

"ಯಾಕೆ?"

"ಈಗಿನ ಕ್ಯಾಮೆರಾ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತೆ. ಇದಕ್ಕೆ ಎದುರಿಗೆ ಆನೆ ನಿಂತರೂ ಹುಡುಕಬೇಕು."

ದೇವೀರಮ್ಮ ನಕ್ಕರು. ಪೇಟೆಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟ ಹಳೆಯ ಶಿಷ್ಯ ಶಿವರುದ್ರ, "ಒಂದು ಮಾತು ಹೇಳಿ ಸಾಕು, ಹಳೇದು ತಗೊಂಡು ಹೊಸದು ತಂದುಕೊಡ್ತೀನಿ" ಎಂದು ಹೇಳಿಹೋಗಿದ್ದ.

"ಸರಿ ಕೂಸೇ. ಈಗಿನ ಕಾಲದ ತಕ್ಕಡಿಯಲ್ಲೇ ಇದನ್ನು ತೂಗು. ಆಗುತ್ತೋ ಆಗಲ್ಲವೋ ನೀನೇ ಹೇಳು. ನಿನ್ನ ಮಾತೇ ನನ್ನ ಮಾತು. ಆದರೆ ಪೂರ್ತಿ ನೋಡಿ ಹೇಳಬೇಕು."

"ಅದೇನು ಮಹಾ," ಎಂದಳು ಶಶಿ.

ಲೆನ್ಸಿನ ಗುಣ ಅಳೆಯಲು ಬಲ್ಲವರು ಗೋಡೆಯ ಫೋಟೋ ತೆಗೆಯುತ್ತಾರೆಂದು ಅವಳು ಓದಿದ್ದಳು. ನಡುವಿನ ಕಲ್ಲು ಎಷ್ಟು ಚೂಪಾಗಿ ಬಂತು, ಮೂಲೆಯ ಕಲ್ಲು ಎಷ್ಟು ಚೂಪಾಗಿ ಬಂತು, ಹೋಲಿಸಿದರೆ ಮುಗಿಯಿತು.

ಕೊಟ್ಟಿಗೆಯ ಗೋಡೆಗೆ ಎದುರಾಗಿ ಬಟ್ಟೆ ಒಗೆಯುವ ಕಲ್ಲಿತ್ತು. ಶಶಿ ಅದರ ಮೇಲೆ ಕ್ಯಾಮೆರಾ ಇಟ್ಟಳು. ದೇವೀರಮ್ಮ ಸುಣ್ಣ ತಂದು ಕ್ಯಾಮೆರಾದ ಸುತ್ತ ಗೆರೆ ಎಳೆದರು.

"ದಿನಾ ಇಲ್ಲೇ ಇಡಬೇಕು. ಬೆಳಿಗ್ಗೆ ಬಿಸಿಲು ಗೋಡೆಗೆ ಬಿದ್ದಾಗ. ತೂಗೋ ತಕ್ಕಡಿ ಅಲ್ಲಾಡಬಾರದು."

ಮೊದಲ ದಿನದ ಫೋಟೋವನ್ನು ಶಶಿ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದಳು. ನಡುವೆ ಚೆನ್ನ. ಕೆಳಗಿನ ಎರಡು ಮೂಲೆ ಪರವಾಗಿಲ್ಲ. ಬಲಗಡೆ ಮೇಲಿನದೂ ನಡೆಯುತ್ತೆ. ಎಡಗಡೆಯ ಮೇಲಿನ ಮೂಲೆ ಮಾತ್ರ ಮಂಜು ಕವಿದ ಹಾಗೆ ಮಸುಕು.

"ಲೆನ್ಸು ಎಲ್ಲೋ ಬಿದ್ದು ಸೊಟ್ಟಗಾಗಿದೆ. ಈ ಮೂಲೆ ದಂಡ," ಎಂದು ತೀರ್ಮಾನಿಸಿದಳು. ಮರುದಿನದಿಂದ ಅವಳು ಹಿಗ್ಗಿಸಿ ನೋಡಿದ್ದು ಮೂರು ಮೂಲೆಗಳನ್ನಷ್ಟೆ. ದಂಡವಾದದ್ದನ್ನು ದಿನಾ ನೋಡುವುದು ಇನ್ನೂ ದಂಡವಲ್ಲವೇ?

ಸಂಜೆ ಅಡುಗೆಮನೆ ಮುಂದೆ ನಿಂತು ಗುರುವಿಗೆ ವರದಿ ಒಪ್ಪಿಸಿದಳು.

"ಏಳೋದೇ ನಿಧಾನ ಅಮ್ಮ. ಮಧ್ಯಾಹ್ನದೊಳಗೆ ಸುಸ್ತು. ಕತ್ತಲಾದರೆ ಏನೂ ಕಾಣಲ್ಲ. ಎದುರಿಗಿರೋದನ್ನೂ ಹಿಂದೆ ಮುಂದೆ ತಡಕುತ್ತೆ, ಬೀಗದ ತೂತು ಹುಡುಕೋ ಹಾಗೆ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಅಡುಗೆಯ ಮರಿಸಿದ್ದಪ್ಪ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ.

"ಏನವ್ವ ಶಶಿ! ಅನ್ನ ಕೊಟ್ಟ ಗುರುವಿನ ಮುಖದ ಮೇಲೇ ಹೀಗಾ ಅನ್ನೋದು? ವಯಸ್ಸಾದಮೇಲೆ ನಿನಗೂ ಆಗುತ್ತೆ!"

"ಅಯ್ಯೋ, ಕ್ಯಾಮೆರಾಗೆ ಅಂದೆ ಸಿದ್ದಪ್ಪಣ್ಣ!"

ದೇವೀರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೂ ಅಂದುಕೋ ಬಿಡು. ಒಂದೂ ಸುಳ್ಳಿಲ್ಲ."

"ಹಾಗಾದರೆ ಶಿವರುದ್ರಣ್ಣನಿಗೆ ಹೇಳಲಾ?"

"ಗೋಡೆಯಲ್ಲಿ ಏನು ವಿಶೇಷ?"

"ಗೋಡೆಯಲ್ಲಿ ಏನಿರುತ್ತೆ ಅಮ್ಮ? ಗೋಡೆ."

"ಹಾಗಾದರೆ ಇನ್ನೂ ನೋಡು."

ಶಶಿ ಮತ್ತೆ ನೋಡಿದಳು. ಲೆನ್ಸಿನೊಳಗಿನ ಬೆಳಕಿನ ಕಿಂಡಿ ಅಗಲ ಮಾಡಿ ಒಂದು ದಿನ, ಕಿರಿದು ಮಾಡಿ ಒಂದು ದಿನ. ಬಣ್ಣಗಳನ್ನು ಪರೀಕ್ಷಿಸಿದಳು, ನೆರಳನ್ನು ಪರೀಕ್ಷಿಸಿದಳು. ಬೆಳಕು ಕಮ್ಮಿಯಾದರೆ ಫೋಟೋ ತುಂಬ ಎಳ್ಳು ಚೆಲ್ಲಿದ ಹಾಗೆ ಕಾಳು ಕಾಳು.

ಅವಳ ಕೆಲಸಕ್ಕೆ ಒಂದೇ ತೊಂದರೆ. ಹೊಂಗೆಮರದಲ್ಲಿದ್ದ ಒಂದು ಮಡಿವಾಳ ಹಕ್ಕಿ, ಕಪ್ಪು ಕೋಟು ಬಿಳಿ ಪಂಚೆ ಉಟ್ಟಂಥದ್ದು, ಅವಳು ಬಂದಕೂಡಲೇ ಬಾಲ ನಿಗುರಿಸಿ ಸಿಳ್ಳೆ ಹಾಕುತ್ತಿತ್ತು. ಗೋಡೆಯ ಮೇಲೆ ಅದರ ನೆರಳು ಬೀಳುತ್ತಿತ್ತು.

"ಶ್! ಹೋಗತ್ಲಾಗೆ!" ಎಂದು ಶಶಿ ಕೈ ಬೀಸುತ್ತಿದ್ದಳು. ಹಿತ್ತಲ ಹಕ್ಕಿ. ಕೊಕ್ಕರೆಯ ಮುಂದೆ ಅದೆಷ್ಟರದು?

ದಿನಗಳು ಹೋದವು. ದೇವೀರಮ್ಮ ಪ್ರತಿ ಸಂಜೆ ಅದೇ ಪ್ರಶ್ನೆ ಕೇಳಿದರು. ಶಶಿ ಅದೇ ಉತ್ತರ ಕೊಟ್ಟಳು.

ಒಂದು ರಾತ್ರಿ ಅವಳಿಗೆ ಬೇರೆ ಯೋಚನೆ ಬಂತು. ಅಮ್ಮನಿಗೆ ಈ ಹಳೆಯ ಕ್ಯಾಮೆರಾ ಮೇಲೆ ಮಮಕಾರ. ಹೊಗಳಲಿ ಅಂತ ಕಾಯುತ್ತಿದ್ದಾರೆ. ಹೊಗಳಿದರೆ ಸಂತೋಷಪಟ್ಟು ಅವರೇ ಹೊಸದು ಕೊಡಿಸಬಹುದು.

ಮಾರನೆಯ ದಿನ ಕೈಕಟ್ಟಿ ನಿಂತು ಹೇಳಿದಳು:

"ಅಮ್ಮ, ನಾನು ತಪ್ಪು ತಿಳಿದಿದ್ದೆ. ಹಳೆಯದಾದರೂ ಇದು ಬಂಗಾರ. ಈಗಿನ ಯಾವ ಕ್ಯಾಮೆರಾವೂ ಇದರ ಮುಂದೆ ಇಲ್ಲ."

ದೇವೀರಮ್ಮ ಕ್ಯಾಮೆರಾ ತೆಗೆದುಕೊಂಡು ಕತ್ತಲೆಯ ಉಗ್ರಾಣಕ್ಕೆ ಹೋದರು. ಅಕ್ಕಿಮೂಟೆಯ ಹಿಂದೆ ಮಲಗಿದ್ದ ಕರಿ ಬೆಕ್ಕಿನ ಫೋಟೋ ತೆಗೆದು ತಂದು ತೋರಿಸಿದರು.

"ಬೆಕ್ಕು ಎಲ್ಲಿ, ತೋರಿಸು."

ಕಾಳು ಕಾಳು ಕತ್ತಲೆ ಬಿಟ್ಟು ಅದರಲ್ಲಿ ಏನೂ ಇರಲಿಲ್ಲ.

"ಬಂಗಾರಕ್ಕೆ ಬೆಕ್ಕೇ ಕಾಣಲಿಲ್ಲವಲ್ಲ ಕೂಸೇ," ಎಂದರು ದೇವೀರಮ್ಮ. "ಅವತ್ತು ಬೈದೆ, ಅದು ಅರ್ಧ ನೋಡಿ ಹೇಳಿದ್ದು. ಇವತ್ತು ಹೊಗಳಿದೆ. ಇದು ನನ್ನ ಮುಖ ನೋಡಿ ಹೇಳಿದ್ದು. ಕ್ಯಾಮೆರಾವನ್ನ ನೋಡಿ ಯಾವತ್ತು ಹೇಳ್ತೀಯಾ?"

ಶಶಿಯ ಮುಖ ಕೆಂಪಾಯಿತು. ಮರುದಿನ ಬೆಳಿಗ್ಗೆ ಒಗೆಯುವ ಕಲ್ಲಿನ ಮುಂದೆ ಹೋಗಿ ನಿಂತಳು. ಸಿಟ್ಟಿನಲ್ಲೇ ನಿಂತಳು, ಆದರೆ ನಿಂತಳು.

ಅಷ್ಟರಲ್ಲಿ ಮುಗಿಲು ಕಟ್ಟತೊಡಗಿತು. ಒಂದು ಬೆಳಿಗ್ಗೆ ನಡುಗಡ್ಡೆಯಿಂದ ಕೊಕ್ಕರೆಗಳು ಗುಂಪಾಗಿ ಎದ್ದವು. ದೊಡ್ಡವು ಮುಂದೆ, ಮರಿಗಳು ಹಿಂದೆ. ಹೊಳೆಯ ಮೇಲೆ ಒಂದು ಸುತ್ತು ಹಾಕಿ ಹೊರಟುಹೋದವು.

ಶಶಿ ಅವು ಚುಕ್ಕೆಯಾಗುವವರೆಗೂ ನೋಡಿದಳು. ಆಮೇಲೆ ಕ್ಯಾಮೆರಾ ತಂದು ದೇವೀರಮ್ಮನ ಮುಂದೆ ಕುಕ್ಕಿದಳು.

"ಮುಗೀತು ಅಮ್ಮ. ನೀವು ನೋಡು ನೋಡು ಅಂದಿರಿ, ನಾನು ಗೋಡೆ ನೋಡುತ್ತಾ ಕೂತೆ. ಹಕ್ಕಿ ಹಾರಿಹೋಯಿತು. ಇನ್ನು ಮುಂದಿನ ವರ್ಷವೇ. ಹೊಸ ಕ್ಯಾಮೆರಾ ಇದ್ದಿದ್ದರೆ ನನ್ನ ಹಕ್ಕಿ ಸಂಸಾರ ನನಗೆ ಸಿಗುತ್ತಿತ್ತು."

"ಬೈದು ಆಯಿತಾ?"

"ಆಯಿತು."

"ಹಾಗಾದರೆ ನಿನ್ನ ಗೋಡೆ ತೋರಿಸು. ಮೊದಲ ದಿನದಿಂದ."

ಶಶಿ ಮುಖ ಊದಿಸಿಕೊಂಡೇ ಲ್ಯಾಪ್‌ಟಾಪ್ ತೆರೆದಳು. ಮೊದಲ ಫೋಟೋ. ಕೆಳಗಿನ ಮೂಲೆ ಹಿಗ್ಗಿಸಿದಳು.

"ಅದಲ್ಲ. ಮೇಲಿನ ಎಡಗಡೆಯದು."

"ಅದು ದಂಡ ಅಮ್ಮ. ಮಸುಕು."

"ಮಸುಕನ್ನೇ ತೋರಿಸು."

ಶಶಿ ಹಿಗ್ಗಿಸಿದಳು. ಗೋಡೆಯ ಮೇಲುಭಾಗದಲ್ಲಿ, ಹಿಂದೆ ಯಾವುದೋ ತೊಲೆ ಕಿತ್ತ ಜಾಗದಲ್ಲಿ, ಒಂದು ತೂತು. ಅದರಿಂದ ಎರಡು ಹುಲ್ಲೆಸಳು ಹೊರಗೆ ಇಣುಕಿದ್ದವು.

"ಮುಂದಿನದು," ಎಂದರು ದೇವೀರಮ್ಮ.

ತೂತಿನ ಅಂಚಿನಲ್ಲಿ ಬೂದುಬಣ್ಣದ ಒಂದು ಹೆಣ್ಣು ಮಡಿವಾಳ ಹಕ್ಕಿ. ಕೊಕ್ಕಿನಲ್ಲಿ ಒಣ ಬೇರು.

ಶಶಿಯ ಕೈ ನಿಂತಿತು. ಆಮೇಲೆ ತಾನಾಗಿ ಮುಂದಕ್ಕೆ ಹೋಯಿತು.

ತೂತಿನೊಳಗೆ ಬರಿಯ ಒಂದು ತಲೆ, ಕಾವಿಗೆ ಕೂತದ್ದು. ಮರುದಿನವೂ ಅದೇ ತಲೆ. ಅದರ ಮರುದಿನವೂ. ಆಮೇಲೊಂದು ದಿನ ತಲೆಯ ಬದಲು ಕಪ್ಪು ಬಿಳುಪು ಬಾಲ ಹೊರಗೆ, ಮೈಯೆಲ್ಲ ಒಳಗೆ. ತಂದೆ ಹಕ್ಕಿ ಗುಟುಕು ಕೊಡುತ್ತಿತ್ತು.

ಇನ್ನೊಂದರಲ್ಲಿ ಅದೇ ಹಕ್ಕಿ ಗೋಡೆಯ ನೆತ್ತಿಯ ಮೇಲೆ ಸುಮ್ಮನೆ ಕೂತಿತ್ತು. ಬಾಯಲ್ಲಿ ಹಸಿರು ಹುಳ.

"ಇದು ನಾನು ಶ್ ಅಂದ ದಿನ," ಎಂದಳು ಶಶಿ ಮೆಲ್ಲಗೆ. "ಮಕ್ಕಳಿಗೆ ಊಟ ಹಿಡಿದುಕೊಂಡು ನಾನು ಹೋಗೋದನ್ನ ಕಾಯ್ತಿತ್ತು."

"ಹೂಂ. ನಿನ್ನನ್ನ ಬೈಯ್ತಲೂ ಇತ್ತು."

ಮತ್ತೆ ಕೆಲವು ಫೋಟೋ. ತೂತಿನಲ್ಲಿ ಹಳದಿ ಬಾಯಿಗಳು, ಕಡಲೆಪುರಿಯಷ್ಟು ದೊಡ್ಡವು. ಆಮೇಲೆ ಇನ್ನೂ ದೊಡ್ಡವು. ಆಮೇಲೆ ಒಂದು ಮರಿ ಅಂಚಿಗೆ ಬಂದು ನಿಂತಿತ್ತು, ಮೋಟು ಬಾಲ, ಎದೆಯ ಮೇಲೆ ಚುಕ್ಕೆ. ಹಾರಲೋ ಬೇಡವೋ ಎನ್ನುವ ಮುಖ.

ಕೊನೆಯದು ಅದೇ ಬೆಳಗಿನದು. ತೂತು ಖಾಲಿ.

ಹೊರಗೆ ಹೊಂಗೆಮರದಲ್ಲಿ ಮರಿಗಳು ಚೀರುತ್ತಿದ್ದವು. ಅಷ್ಟು ಹೊತ್ತೂ ಚೀರುತ್ತಿದ್ದವೋ ಏನೋ. ಶಶಿಗೆ ಕೇಳಿಸಿದ್ದು ಈಗ.

ಕಡ್ಡಿ ತರುವ ದಿನದಿಂದ ಮರಿ ಹಾರುವ ದಿನದವರೆಗೆ. ಒಂದು ದಿನವೂ ತಪ್ಪಿರಲಿಲ್ಲ. ತೆಗೆದವಳು ಅವಳೇ.

ಅವಳು ಮತ್ತೊಮ್ಮೆ ಮೊದಲ ಫೋಟೋದಿಂದ ಕೊನೆಯವರೆಗೆ ನೋಡಿದಳು. ಆಮೇಲೆ ಅವಳಿಗೇ ನಗು ಬಂತು. ಮೊದಲು ಒಂದಿಷ್ಟು, ಆಮೇಲೆ ತಡೆಯಲಾರದಷ್ಟು.

"ನಾನು ಕತ್ತೆ ಅಮ್ಮ."

"ಕತ್ತೆಯಾಗಿದ್ದರೆ ಗೋಡೆ ಪೂರ್ತಿ ನೋಡ್ತಿತ್ತು."

"ನಿಮಗೆ ಗೊತ್ತಿತ್ತು. ಮೊದಲೇ ಹೇಳಬಹುದಿತ್ತಲ್ಲ!"

"ಹೇಳಿದ್ದರೆ ನೀನು ಏಣಿ ಹಾಕ್ತಿದ್ದೆ. ಹಕ್ಕಿ ಗೂಡು ಬಿಟ್ಟು ಹೋಗ್ತಿತ್ತು."

ಶಶಿ ತಲೆಯಾಡಿಸಿದಳು. ಏಣಿ ಹಾಕುತ್ತಿದ್ದದ್ದು ನಿಜ.

"ಈಗ ಹೇಳು," ಎಂದರು ದೇವೀರಮ್ಮ. "ಕ್ಯಾಮೆರಾ ಹೇಗಿದೆ?"

ಶಶಿ ಅದನ್ನು ಕೈಗೆ ತೆಗೆದುಕೊಂಡಳು. ಸವೆದ ರಬ್ಬರನ್ನು ಹೆಬ್ಬೆರಳಿನಿಂದ ಸವರಿದಳು.

"ಕತ್ತಲಲ್ಲಿ ಕೆಲಸಕ್ಕೆ ಬಾರದು. ಓಡೋದನ್ನ, ಹಾರೋದನ್ನ ಹಿಡಿಯಲಾರದು. ಬ್ಯಾಟರಿ ಮಧ್ಯಾಹ್ನ ದಾಟಲ್ಲ. ಮೇಲಿನ ಎಡಮೂಲೆ ಮಸುಕು, ಅದು ಈಗಲೂ ಮಸುಕೇ. ಈ ಫೋಟೋಗಳನ್ನ ದೊಡ್ಡದಾಗಿ ಗೋಡೆಗೆ ಹಾಕೋಕೆ ಆಗಲ್ಲ."

"ಮತ್ತೆ?"

"ಬೆಳಿಗ್ಗೆಯ ಬಿಸಿಲಿನಲ್ಲಿ ಇದರ ಬಣ್ಣ ಸುಳ್ಳು ಹೇಳಲ್ಲ. ಅಂಗೈಯಲ್ಲಿ ಕೂರುತ್ತೆ. ಒಗೆಯೋ ಕಲ್ಲಿನ ಮೇಲೆ ಇಟ್ಟರೆ ಹಕ್ಕಿಗೂ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ದೊಡ್ಡದಿದ್ದಿದ್ದರೆ ಅದು ಹೆದರುತ್ತಿತ್ತೋ ಏನೋ." ಶಶಿ ತಡೆದು ಹೇಳಿದಳು, "ನಾನು ಬೇಡ ಅಂದದ್ದನ್ನೂ ದಿನಾ ನೋಡಿ ಇಟ್ಟಿದೆ."

"ಇದು ತೂಕದ ಮಾತು," ಎಂದರು ದೇವೀರಮ್ಮ. "ಈಗ ಹೇಳು. ಹೊಸದು ಬೇಕೋ ಬೇಡವೋ?"

ಬೇಡ ಎಂದರೆ ಚೆನ್ನಾಗಿ ಕೇಳಿಸುತ್ತದೆ ಎಂದು ಶಶಿಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಶಿಷ್ಯರು ಬೇಡ ಎನ್ನುತ್ತಾರೆ ಎಂದೂ ಅವಳು ಓದಿದ್ದಳು.

"ಬೇಕು," ಎಂದಳು.

ದೇವೀರಮ್ಮ ಅವಳ ಬೆನ್ನ ಮೇಲೆ ರಪ್ಪನೆ ಒಂದು ಏಟು ಕೊಟ್ಟರು. "ಬೇಡ ಅಂದಿದ್ದರೆ ಕೊಡಿಸ್ತಿರಲಿಲ್ಲ!"

"ಆದರೆ ಇದನ್ನ ಶಿವರುದ್ರಣ್ಣನಿಗೆ ಕೊಡಲ್ಲ."

"ಹಳೇದು ಕೊಡದೆ ಅವನು ಹೊಸದು ಹೇಗೆ ಕೊಡ್ತಾನೆ?"

"ಅದು ನನಗೆ ಬಿಡಿ. ಅವರ ಅಂಗಡಿಗೆ ಬರೋ ಮದುವೆ ಕೆಲಸ ಮಾಡಿಕೊಟ್ಟು ತೀರಿಸ್ತೀನಿ. ಯಾರ ಹಂಗೂ ಬೇಡ."

"ಹಟಮಾರಿ," ಎಂದರು ದೇವೀರಮ್ಮ. ಅವರ ಬಾಯಲ್ಲಿ ಅದು ಬೈಗುಳದಂತೆ ಕೇಳಿಸಲಿಲ್ಲ.

ಮೊದಲ ಮಳೆ ಹುಯ್ದು ನಿಂತ ದಿನ ಶಿವರುದ್ರ ಹೊಸ ಕ್ಯಾಮೆರಾ ಹಿಡಿದುಕೊಂಡು ಬಂದ. ಮರಿಸಿದ್ದಪ್ಪ ಕಾಫಿ ತಂದ. ತಾನೂ ನೋಡೋಣವೆಂದು ಅಲ್ಲೇ ಕೂತ.

ಶಿವರುದ್ರ ಪೆಟ್ಟಿಗೆ ಬಿಚ್ಚಿದ. ಮಳೆಯಲ್ಲಿ ನೆನೆದರೂ ಏನೂ ಆಗಲ್ಲ ಎಂದ. ಕತ್ತಲಲ್ಲಿ ಕರಿ ಬೆಕ್ಕನ್ನೂ ಹಿಡಿಯುತ್ತೆ ಎಂದ. ಶಶಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಮುಖ ಹಬ್ಬದಂತಿತ್ತು. ಹಳೆಯದು ಅವಳ ಹೆಗಲಿನಲ್ಲೇ ನೇತಾಡುತ್ತಿತ್ತು.

"ಇನ್ನೊಂದು ವಿಷಯ ಅಮ್ಮ," ಎಂದ ಶಿವರುದ್ರ, ದೇವೀರಮ್ಮನ ಕಡೆ ತಿರುಗಿ. "ಈ ಲೆನ್ಸಿನಲ್ಲಿ ನಾಲ್ಕು ಮೂಲೆಯೂ ಗಾಜಿನ ಹಾಗೆ. ಮಸುಕು ಮೂಲೆ ಅನ್ನೋದೇ ಇಲ್ಲ."

ದೇವೀರಮ್ಮ ಕಾಫಿ ಲೋಟ ಕೆಳಗಿಟ್ಟರು.

"ಅಯ್ಯೋ ಪಾಪ! ಹಾಗಾದರೆ ಹಕ್ಕಿ ಗೂಡು ಕಟ್ಟೋದೆಲ್ಲಿ?"